ಬಟ್ಟಲಲ್ಲಿದ್ದ ಹುಣಸೆ ಬೀಜ

ಇದನ್ನು ಹೇಳುವುದನ್ನು ವರ್ಷಗಳಿಂದ ಮುಂದೂಡುತ್ತಾ ಬಂದಿದ್ದೇನೆ. ಮೊಮ್ಮಗಳು ಸ್ವಲ್ಪ ದೊಡ್ಡವಳಾಗಲಿ ಅಂದೆ, ನನ್ನ ಮೊಣಕಾಲಿನ ಆಪರೇಷನ್ ಮುಗಿಯಲಿ ಅಂದೆ, ಬೀಗಿತ್ತಿ ಇನ್ನೊಂದು ಸಲ ಬಂದು ಹೋಗಲಿ ಅಂದೆ. ಎಲ್ಲ ಆಯಿತು, ನಾನು ಬಾಯಿ ಬಿಡಲಿಲ್ಲ. ಪಶ್ಚಾತ್ತಾಪಪಟ್ಟರೆ ಮನಸ್ಸು ಮೆತ್ತಗಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನನಗೆ ಹಾಗಾಗಿಲ್ಲ. ಈಗ ಬರೆಯುವಾಗಲೂ ಮೈ ಉರಿಯುತ್ತಿದೆ.

ಮೊದಲು ಉರಿಯುವುದು ಆ ಡಬ್ಬಿಗಳ ಮೇಲೆ. ಬಂದೂಕು ಜೋಡಿಸುವವರು ಸಣ್ಣಪುಟ್ಟ ಸಾಮಾನನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಫೋನಿನಲ್ಲಿ ಒಂದು ಸಲ ಹುಡುಕಿದರೆ ಸಾಕು, ಗಡ್ಡ ಬಿಟ್ಟ ಹುಡುಗರು ಒಬ್ಬರ ಹಿಂದೆ ಒಬ್ಬರು ಬಂದು ಪಾಠ ಹೇಳುತ್ತಾರೆ. ಅಯಸ್ಕಾಂತದ ತಟ್ಟೆ ತಗೊಳ್ಳಿ, ಖಾನೆ ಖಾನೆಯ ಪ್ಲಾಸ್ಟಿಕ್ ಪೆಟ್ಟಿಗೆ ತಗೊಳ್ಳಿ, ಏನೂ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಆದರೂ ನಡೆಯುತ್ತದೆ. ಅಯಸ್ಕಾಂತದ ತಟ್ಟೆಯಲ್ಲಿ ಒಂದು ದಿನ ಬಿದ್ದಿದ್ದ ಸ್ಪ್ರಿಂಗು ಆಮೇಲೆ ಕಬ್ಬಿಣದ ಪುಡಿಯನ್ನೆಲ್ಲ ಮೈಗೆ ಬಳಿದುಕೊಂಡು ಕೂರುತ್ತದೆ ಎಂದು ಅವರಲ್ಲಿ ಒಬ್ಬನೂ ಹೇಳುವುದಿಲ್ಲ. ಖಾನೆ ಎಷ್ಟಿದ್ದರೆ ಏನು ಬಂತು? ಇಲ್ಲಿದ್ದದ್ದು ಎಲ್ಲಿಗೆ ಹೋಯಿತು ಎಂದು ಖಾಲಿ ಖಾನೆ ಹೇಳಬೇಕಲ್ಲ. ಅದು ಹೇಳದಿದ್ದರೆ ಪೆಟ್ಟಿಗೆ ಇದ್ದೂ ದಂಡ.

ಇದು ನಾನು ಕೆಲಸದಲ್ಲಿ ಕಲಿತದ್ದು. ಓದಿದ್ದು ಎಸ್ಸೆಸ್ಸೆಲ್ಸಿ, ದಾವಣಗೆರೆಯಲ್ಲಿ. ಅಣ್ಣ ಕರೆಸಿಕೊಂಡ ಮೇಲೆ ಡೆಟ್ರಾಯಿಟ್ ಹತ್ತಿರದ ಒಂದು ಕಾರ್ಖಾನೆ ಸೇರಿದೆ, ಅಲ್ಲೇ ರಿಟೈರ್ ಆದೆ. ನನ್ನ ಜಾಗ ಟೂಲ್ ಕ್ರಿಬ್. ಅಂದರೆ ತಂತಿ ಜಾಲರಿಯ ಒಂದು ಕೋಣೆ, ಅದಕ್ಕೊಂದು ಕಿಟಕಿ. ಒಳಗೆ ಡ್ರಿಲ್ಲು, ಗೇಜು, ಸಣ್ಣ ಸಣ್ಣ ಕಟರುಗಳು ಮೊಳೆ ಮೊಳೆಗೆ ನೇತಾಡುತ್ತಿದ್ದವು. ಕೆಲಸದವನು ಕಿಟಕಿಗೆ ಬಂದು ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಡಬೇಕು. ಅವನಿಗೆ ಬೇಕಾದ ಉಪಕರಣವನ್ನು ಕೊಟ್ಟು, ಅದು ಇದ್ದ ಮೊಳೆಗೆ ಆ ಬಿಲ್ಲೆಯನ್ನು ತೂಗುಹಾಕುತ್ತಿದ್ದೆ. ಮೊಳೆ ಯಾವತ್ತೂ ಬರಿದಾಗಿರಬಾರದು. ಉಪಕರಣ ಇರಬೇಕು, ಇಲ್ಲವೇ ಬಿಲ್ಲೆ ಇರಬೇಕು. ಎರಡೂ ಇಲ್ಲದಿದ್ದರೆ ಕಳುವು. ನನ್ನ ಕೈಯಲ್ಲಿ ಕ್ರಿಬ್ ಇದ್ದಷ್ಟು ದಿನ ಏನೂ ಕಳೆಯಲಿಲ್ಲ. ಸೂಪರ್ವೈಸರಿಗೂ ಬಿಲ್ಲೆ ಇಲ್ಲದೆ ಒಂದು ಸ್ಕ್ರೂ ಕೊಟ್ಟವನಲ್ಲ ನಾನು. ಈ ಜಂಬ ನನ್ನ ತಲೆಗೆ ಎಷ್ಟು ಏರಿತ್ತು ಎಂಬುದು ಮುಂದೆ ಗೊತ್ತಾಗುತ್ತದೆ.

ನನ್ನ ಜೊತೆ ಕ್ರಿಬ್ಬಿನಲ್ಲಿ ಪೋಲೆಂಡ್ ಮೂಲದ ಒಬ್ಬ ಮುದುಕನಿದ್ದ. ನಾನು ರಿಟೈರ್ ಆದಾಗ ತಾನು ಅರ್ಧಕ್ಕೆ ಬಿಟ್ಟಿದ್ದ ಬಂದೂಕಿನ ಕಿಟ್ಟನ್ನು ತಂದುಕೊಟ್ಟ. ಹಳೇ ಕಾಲದ ಮಾದರಿ, ಕೊಳವೆಯ ಬಾಯಿಯಿಂದ ಮದ್ದು ತುಂಬುವಂಥದ್ದು. ಅವನ ಕೈ ನಡುಗಲು ಶುರುವಾಗಿತ್ತು. ಮರ ನಯ ಮಾಡಬೇಕು, ಕುದುರೆಯನ್ನು, ಅಂದರೆ ಮದ್ದು ಹೊತ್ತಿಸುವ ಸುತ್ತಿಗೆಯನ್ನು, ಬೀಳಿಸುವ ಒಳಗಿನ ಯಂತ್ರವನ್ನು ಹೊಂದಿಸಬೇಕು, ಅರದಿಂದ ಉಜ್ಜಬೇಕು, ಮತ್ತೆ ಹೊಂದಿಸಬೇಕು. ಹೊಡೆಯುವ ಆಸೆ ನನಗೆ ಎಂದೂ ಇರಲಿಲ್ಲ. ಇರುವೆ ತುಳಿದರೂ ನೊಂದುಕೊಳ್ಳುವ ಮನೆಯಲ್ಲಿ ಹುಟ್ಟಿದವನು. ಆ ಯಂತ್ರದ ಒಳಗಿನ ತುಂಡುಗಳು ಒಂದಕ್ಕೊಂದು ಕೂರುವುದನ್ನು ನೋಡುವ ಆಸೆ, ಅಷ್ಟೇ.

ಅವುಗಳಲ್ಲಿ ತೀರಾ ಚಿಕ್ಕದೊಂದಿದೆ. ಅಕ್ಕಿಕಾಳಿನ ಅರ್ಧದಷ್ಟು. ಇಂಗ್ಲಿಷಿನಲ್ಲಿ ಅದನ್ನು ನೊಣ ಅಂತಲೇ ಕರೆಯುತ್ತಾರೆ. ಕುದುರೆ ಬೀಳುವಾಗ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದಕ್ಕೆ ಸ್ಕ್ರೂ ಇಲ್ಲ, ಪಿನ್ನು ಇಲ್ಲ. ತನ್ನ ಗೂಡಿನಲ್ಲಿ ಸುಮ್ಮನೆ ಕೂತಿರುತ್ತದೆ. ಯಂತ್ರ ಬಿಚ್ಚಿದರೆ ಉದುರಿ ಹೋಗುತ್ತದೆ.

ಕೆಲಸ ಶುರುವಾಗುವಷ್ಟರಲ್ಲಿ ಮಗಳ ಹೆರಿಗೆ ಹತ್ತಿರ ಬಂತು. ಅವಳು ಹುಟ್ಟಿ ಬೆಳೆದದ್ದು ಮಿಷಿಗನ್‌ನಲ್ಲಿ, ಕೊಟ್ಟದ್ದು ಹುಬ್ಬಳ್ಳಿಯವರಿಗೆ, ಅವಳೂ ಅಳಿಯನೂ ಇರುವುದು ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ನೇಪರ್‌ವಿಲ್‌ನಲ್ಲಿ. ಬಾಣಂತನ ತವರಿನವರದ್ದೇ ಜವಾಬ್ದಾರಿ. ಅವಳು ನಮ್ಮ ಮನೆ ಇರುವ ಕ್ಯಾಂಟನ್‌ಗೆ ಬರಲಾರಳು, ಡಾಕ್ಟರು ಅಲ್ಲಿದ್ದಾರೆ. ಹಾಗಾಗಿ ತವರೇ ಕಾರಿನಲ್ಲಿ ಹೊರಟಿತು. ಹೆಂಡತಿ ಅಂಟಿನುಂಡೆ, ಬಾಣಂತಿ ಖಾರದ ಡಬ್ಬಿಗಳನ್ನು ತುಂಬಿದಳು. ನಾನು ಬಂದೂಕಿನ ಮರವನ್ನೂ ಯಂತ್ರವನ್ನೂ ತುಂಬಿದೆ. ಕೊಳವೆ ಮಿಷಿಗನ್‌ನಲ್ಲೇ ಇರಬೇಕು, ಮದ್ದಿನ ಹೆಸರೂ ಮನೆಯಲ್ಲಿ ಎತ್ತಬಾರದು ಎಂದು ಮಗಳು ಮೊದಲೇ ಷರತ್ತು ಹಾಕಿದ್ದಳು. ಅದು ಸರಿಯೇ. ಬೇಸ್‌ಮೆಂಟಿನಲ್ಲಿ ಒಂದು ಮೇಜು ಕೊಟ್ಟಳು.

ಸಾಮಾನು ಇಡಲು ಹೆಂಡತಿಯ ಹಳೇ ಒಗ್ಗರಣೆ ಡಬ್ಬಿ ತಗೊಂಡೆ. ಏಳು ಬಟ್ಟಲಿನ ದುಂಡನೆಯ ಸ್ಟೀಲ್ ಡಬ್ಬಿ. ಸಾಸಿವೆ ಇದ್ದಲ್ಲಿ ಸ್ಕ್ರೂ, ಜೀರಿಗೆ ಇದ್ದಲ್ಲಿ ಸ್ಪ್ರಿಂಗು, ನಡುವಿನ ಬಟ್ಟಲಲ್ಲಿ ನೊಣ ಒಂದೇ. ಬಿಲ್ಲೆಗಳಿಗೆ ಬದಲು ಹುಣಸೆ ಬೀಜ. ಇಂಡಿಯನ್ ಸ್ಟೋರಿನ ಹುಣಸೆಹಣ್ಣಿನ ಪ್ಯಾಕೆಟ್ಟಿನ ಮೇಲೆ ಬೀಜ ತೆಗೆದದ್ದು ಎಂದು ದೊಡ್ಡದಾಗಿ ಬರೆದಿರುತ್ತಾರೆ, ನೆನೆಸಿದರೆ ಹಿಡಿ ಬೀಜ ಸಿಗುತ್ತದೆ. ಬಟ್ಟಲಿನಿಂದ ಒಂದು ತುಂಡು ತೆಗೆದು ಯಂತ್ರಕ್ಕೆ ಕೂರಿಸಿದರೆ ಅದರ ಜಾಗಕ್ಕೆ ಒಂದು ಬೀಜ ಹಾಕುವುದು. ಬೀಜ ಇದ್ದರೆ ತುಂಡು ಯಂತ್ರದಲ್ಲಿದೆ. ತುಂಡೂ ಇಲ್ಲ ಬೀಜವೂ ಇಲ್ಲ ಅಂದರೆ ಕಳೆಯಿತು. ಈ ಏರ್ಪಾಡನ್ನು ಯಾರಿಗೂ ಹೇಳಲಿಲ್ಲ. ಕ್ರಿಬ್ಬಿನ ಒಳಗಿನ ಕ್ರಮ ಕಿಟಕಿಯ ಹೊರಗಿನವರಿಗೆ ಯಾಕೆ?

ಮಗು ಸಿಸೇರಿಯನ್ ಆಗಿ ಹುಟ್ಟಿತು. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಹುಬ್ಬಳ್ಳಿಯಿಂದ ಬೀಗಿತ್ತಿ ಬಂದರು. ಬೀಗರು ಅಂಗಡಿ ಬಿಟ್ಟು ಬರಲಿಲ್ಲ. ಆಕೆ ಒಳ್ಳೆಯವರು, ಮಾತು ಮಾತ್ರ ಹಸಿಮೆಣಸಿನಕಾಯಿ. ನನ್ನ ಮೇಜು ನೋಡಿದವರೇ, "ಬೀಗರ, ಕೊಳ್ಳಾಗ ಲಿಂಗ, ಕೈಯಾಗ ಬಂದೂಕ. ಯಾರನ್ನ ಹೊಡ್ಯಾಂವ್ರಿದ್ದೀರಿ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆಕೆಯ ಕೈ ಸುಮ್ಮನಿರುತ್ತಿರಲಿಲ್ಲ. ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಾಯಿಸಿದವು, ನನ್ನ ಶೂಗಳು ಗರಾಜಿಗೆ ಹೋದವು. ಒಬ್ಬರ ಸಾಮಾನನ್ನು ಅವರನ್ನು ಕೇಳದೆ ಓರಣ ಮಾಡುವುದಕ್ಕಿಂತ ದೊಡ್ಡ ಅಹಂಕಾರ ಇಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಅದನ್ನು ಈ ತಪ್ಪೊಪ್ಪಿಗೆಯ ನಡುವೆಯೂ ಬಿಟ್ಟುಕೊಡಲಾರೆ.

ನನ್ನ ಹೆದರಿಕೆ ಬೇರೆಯೇ ಇತ್ತು. ಮಗಳು ಕನ್ನಡ ಮಾತಾಡುತ್ತಾಳೆ, ಆದರೆ ಅರ್ಧ ಇಂಗ್ಲಿಷು. ಹುಬ್ಬಳ್ಳಿಯ ಅತ್ತೆ ಇವಳನ್ನು ಹೇಗೆ ನೋಡುತ್ತಾರೋ, ನಮ್ಮ ಬಾಣಂತನದಲ್ಲಿ ಏನು ಹುಳುಕು ಹುಡುಕುತ್ತಾರೋ ಎಂಬ ಹೆದರಿಕೆ. ಆ ಕೆಲವು ವಾರಗಳಲ್ಲಿ ಇಬ್ಬರೂ ಹೊಂದಿಕೊಂಡುಬಿಟ್ಟರು. ಅತ್ತೆ ಮಗುವಿಗೆ ಎಣ್ಣೆ ಹಚ್ಚುತ್ತಾ ಜೋಗುಳ ಹಾಡುವುದು, ಸೊಸೆ ಅದನ್ನು ಫೋನಿನಲ್ಲಿ ಹಿಡಿದುಕೊಳ್ಳುವುದು. ಇದು ಹೀಗೇ ಉಳಿಯಲಿ ಎಂದು ಬೆಳಿಗ್ಗೆ ಪೂಜೆಯಲ್ಲಿ ಕೇಳಿಕೊಳ್ಳುತ್ತಿದ್ದವನು ನಾನೇ. ಅದನ್ನು ಒಡೆಯಲು ಹೋದವನೂ ನಾನೇ.

ಮಹಾನವಮಿಯ ಹಿಂದಿನ ದಿನ ಮಧ್ಯಾಹ್ನ ನೊಣಕ್ಕೆ ಒಂದಿಷ್ಟು ಗ್ರೀಸು ಹಚ್ಚಿ ಅದರ ಗೂಡಿನಲ್ಲಿ ಕೂರಿಸಿದೆ. ಬಟ್ಟಲಿಗೆ ಬೀಜ ಹಾಕಿದೆ. ಅಷ್ಟರಲ್ಲಿ ಮಗುವಿನ ಸ್ನಾನಕ್ಕೆ ನೀರು ಎತ್ತಿಕೊಡಿ ಎಂದು ಹೆಂಡತಿ ಮೇಲಿನಿಂದ ಕೂಗಿದಳು. ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟು ಹೋದೆ. ಆಮೇಲೆ ಏರ್‌ಪೋರ್ಟಿಗೆ ಹೋಗಿ ಅಳಿಯನನ್ನು ಕರೆತರುವುದಿತ್ತು. ನೊಣ ಕೂರಿಸಿದ್ದು ನನ್ನ ತಲೆಯಿಂದ ಪೂರಾ ಹೋಯಿತು.

ಮಾರನೆಯ ದಿನ ಖಂಡೇಪೂಜೆ. ಅವರ ಕಡೆ ಅದು ದೊಡ್ಡ ಹಬ್ಬ. ಮನೆಯಲ್ಲಿರುವ ಕತ್ತಿ, ಕುಡುಗೋಲು, ಹತಾರ ಎಲ್ಲ ತೊಳೆದು ಪೂಜಿಸಬೇಕು. ನೇಪರ್‌ವಿಲ್‌ನ ಮನೆಯಲ್ಲಿ ಏನಿದೆ? ಈಳಿಗೆ ಮಣೆ, ಎರಡು ಕಾರು, ಅಳಿಯನ ಲ್ಯಾಪ್‌ಟಾಪು. ನಿಜವಾದ ಆಯುಧ ಅಂತ ಇದ್ದದ್ದು ನನ್ನದೊಂದೇ. ಬೀಗಿತ್ತಿ ನನಗೆ ಗೌರವ ತೋರಿಸಬೇಕೆಂದೇ, ನಾನು ಸ್ನಾನಕ್ಕೆ ಹೋದಾಗ ಬೇಸ್‌ಮೆಂಟಿಗೆ ಇಳಿದು, ಮರಕ್ಕೆ ವಿಭೂತಿ ಎಳೆದು, ಡಬ್ಬಿಯ ಮುಚ್ಚಳಕ್ಕೆ ಕುಂಕುಮ ಇಟ್ಟು, ಒಳಗಿನ ಬಟ್ಟಲುಗಳನ್ನು ಒಂದೊಂದಾಗಿ ಒರೆಸಿ, ಸಾಮಾನನ್ನೆಲ್ಲ ಇದ್ದಲ್ಲೇ ಇಟ್ಟು, ಚೆಂಡುಹೂವು ಏರಿಸಿದ್ದರು.

ಊಟಕ್ಕೆ ಹೋಳಿಗೆ ಬಡಿಸಿ ಎಲ್ಲರೂ ಕೂತಿದ್ದರು. ಕೈ ತೊಳೆಯುವ ಮೊದಲು ಪೂಜೆ ನೋಡಿ ಬರೋಣ ಎಂದು ಕೆಳಗೆ ಹೋದೆ. ಡಬ್ಬಿ ತೆರೆದೆ. ನಡುವಿನ ಬಟ್ಟಲು ಫಳಫಳ ಹೊಳೆಯುತ್ತಿತ್ತು. ನೊಣ ಇಲ್ಲ. ಬೀಜ ಇಲ್ಲ.

ಡಬ್ಬಿ ಹಿಡಿದುಕೊಂಡು ಮೇಲೆ ಬಂದು ಊಟದ ಮೇಜಿನ ಮೇಲೆ ಕುಕ್ಕಿದೆ. ಬೀಗಿತ್ತಿಯನ್ನು ಎಲ್ಲರ ಮುಂದೆ ಕೇಳಿದೆ, ಇದರಲ್ಲಿದ್ದದ್ದು ಏನು ಮಾಡಿದಿರಿ ಎಂದು. ಒಂದು ಕಾರ್ಖಾನೆಯ ಸಾಮಾನು ಕಾಯ್ದವನು ನಾನು, ಒಂದು ಪಿನ್ನು ಕಳೆದವನಲ್ಲ, ನಿಮ್ಮ ಒಂದು ದಿನದ ಭಕ್ತಿಗೆ ಎಲ್ಲ ಮಣ್ಣುಪಾಲಾಯಿತು ಎಂದೆ. ಕೇಳದೆ ಇನ್ನೊಬ್ಬರ ಮೇಜು ಮುಟ್ಟುವುದು ಯಾವ ಮನೆತನದ ರೀತಿ ಎಂದೂ ಕೇಳಿದೆ. ಬೀಗರ ಮನೆಯವರಿಗೆ ಈ ಮಾತು ಆಡಬಾರದು. ಹೋಳಿಗೆಯ ಎಲೆಯ ಮುಂದೆ ಕೂತವರಿಗಂತೂ ಆಡಲೇಬಾರದು.

ಆಕೆ ಬಿಳಿಚಿಕೊಂಡರು. ನಿಧಾನವಾಗಿ ಹೇಳಿದರು, "ಬೀಗರ, ಕಬ್ಬಿಣದ್ದು ನಾ ಏನೂ ತಗದಿಲ್ರಿ. ನಡುವಿನ ಬಟ್ಟಲದಾಗ ಒಂದ ಹುಣಸಿ ಬೀಜ ಬಿದ್ದಿತ್ರಿ. ಅಡಗಿ ಮನ್ಯಾಂದ ಬಂದದ್ದು ಅಂತ ತಗದ ಚೆಲ್ಲೇನಿ. ಅಷ್ಟರೀ."

ಇಲ್ಲಿ ನಾನು ವರ್ಷಗಟ್ಟಲೆ ನನಗೇ ಸುಳ್ಳು ಹೇಳಿಕೊಂಡಿದ್ದೇನೆ. ಸಿಟ್ಟಿನಲ್ಲಿ ಆ ಮಾತು ಕಿವಿಗೆ ಬೀಳಲಿಲ್ಲ ಎಂದು. ಬಿತ್ತು. ಬೀಜ ಎಂಬ ಮಾತು ಬಿದ್ದ ಕ್ಷಣವೇ ಗ್ರೀಸು, ಗೂಡು, ಡ್ರಾಯರು ಎಲ್ಲ ಕಣ್ಣ ಮುಂದೆ ಬಂತು. ನೊಣ ಅದರ ಜಾಗದಲ್ಲೇ ಇತ್ತು. ಆಗಲೇ ನಕ್ಕುಬಿಡಬಹುದಿತ್ತು. ಕೈಮುಗಿದು, ಅಕ್ಕಾರೆ, ತಪ್ಪು ನನ್ನದು, ಆ ಬೀಜವೇ ನನ್ನ ಬಿಲ್ಲೆ ಎಂದಿದ್ದರೆ ಹೋಳಿಗೆ ಇನ್ನೂ ಬಿಸಿಯಾಗಿಯೇ ಇರುತ್ತಿತ್ತು. ಆದರೆ ನಾನು ಏರಿಸಿದ ದನಿ ಇಳಿಯಲಿಲ್ಲ. ಹುಣಸೆ ಬೀಜದ ಕಥೆ ಬೇಡ ಎಂದುಬಿಟ್ಟೆ.

ಅಳಿಯ ಫೋನು ತೆಗೆದು, "ಮಾವ, ಹೊಸದು ಆರ್ಡರ್ ಮಾಡ್ತೀನಿ, ನಾಳೆನೇ ಬರುತ್ತೆ" ಅಂದ. ಅವನ ಮೇಲೂ ಹಾರಿದೆ. ಆಗ ಮಗಳು ಮಗುವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಎದ್ದಳು. "ಅಪ್ಪಾಜಿ, ಅತ್ತೆ ಏನೋ ಸೀಡ್ ಅಂತಿದಾರೆ. ಪ್ಲೀಸ್, ಅವರು ಹೇಳೋದು ಕೇಳಿ."

ಇಡೀ ಮನೆಯಲ್ಲಿ ಸತ್ಯದ ಹತ್ತಿರ ಬೆರಳಿಟ್ಟವಳು ಅವಳೊಬ್ಬಳೇ. ಅದಕ್ಕೇ ನನಗೆ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ನಿನ್ನ ಕಣ್ಣು ಚುರುಕು, ನೀನೇ ಬಂದು ಹುಡುಕು ಎಂದೆ. ಬಾಣಂತಿಯನ್ನು ಬಗ್ಗಿಸಬೇಡಿ, ಹೊಲಿಗೆ ಇನ್ನೂ ಹಸಿ ಎಂದು ಹೆಂಡತಿ ಎರಡೂ ಕೈಯಲ್ಲಿ ಮಗು ಹಿಡಿದುಕೊಂಡು ಹೇಳುತ್ತಲೇ ಇದ್ದಳು. ಮಗಳು ಮೆಟ್ಟಿಲು ಇಳಿದಳು. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ಬೇಸ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ಮಂಡಿಯೂರಿದಳು. ಇನ್ನೊಂದು ಕೈಯಿಂದ ಕಾರ್ಪೆಟ್ಟಿನ ಎಳೆಗಳನ್ನು ಬಿಡಿಸಿ ಬಿಡಿಸಿ ನೋಡಿದಳು. ನಾನು ಬ್ಯಾಟರಿ ಲೈಟು ಹಿಡಿದು ನಿಂತಿದ್ದೆ. ಅಲ್ಲಿ ಏನೂ ಇಲ್ಲ ಎಂದು ಗೊತ್ತಿದ್ದೂ, ಈ ಕಡೆ ನೋಡು, ಮೇಜಿನ ಕಾಲಿನ ಹತ್ತಿರ ನೋಡು ಎಂದು ಬೆಳಕು ತೋರಿಸುತ್ತಿದ್ದೆ. ಡ್ರಾಯರು ನನ್ನ ಮೊಣಕಾಲಿಗೆ ತಾಗುತ್ತಿತ್ತು.

ಬೀಗಿತ್ತಿ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಟಿಕೆಟ್ ಹಿಂದಕ್ಕೆ ಹಾಕಿಸು, ನಾ ಊರಿಗೆ ಹೋಗತೇನಿ ಎಂದು ಮಗನಿಗೆ ಹೇಳುವುದು ಕೇಳಿಸಿತು. ಮಗಳಿಗೂ ಕೇಳಿಸಿತು. ಅವಳು ಹುಡುಕುವುದನ್ನು ನಿಲ್ಲಿಸಿದಳು. ಆಮೇಲೆ ಅತ್ತೆಗೆ ಕೇಳುವ ಹಾಗೆ ಹೇಳಿದಳು:

"ಅತ್ತೆ ಅಲ್ಲ ಅಪ್ಪಾಜಿ, ನಾನೇ. ನಿನ್ನೆ ಇಲ್ಲಿ ವ್ಯಾಕ್ಯೂಮ್ ಮಾಡ್ದೆ. ಡಬ್ಬಿ ತಗಲಿ ಬಿತ್ತು, ಎಲ್ಲ ಎತ್ತಿಟ್ಟೆ. ಅದು ಒಳಗೆ ಹೋಗಿರ್ಬೇಕು. ಐ ಆಮ್ ಸಾರಿ."

ಅವಳು ವ್ಯಾಕ್ಯೂಮ್ ಮಾಡಿರಲಿಲ್ಲ. ನಮ್ಮ ಮನೆಯ ಹೆಂಗಸರು ಅವಳಿಗೆ ಚಮಚ ತೊಳೆಯಲೂ ಬಿಡುತ್ತಿರಲಿಲ್ಲ. ಅತ್ತೆ ಕಳಂಕ ಹೊತ್ತು ಊರಿಗೆ ಹೋಗಬಾರದು, ಅಪ್ಪ ಸುಳ್ಳಾಗಬಾರದು, ಅದಕ್ಕೆ ತಾನೇ ಹೊತ್ತುಕೊಂಡಳು. ಅವಳನ್ನು ಬಿಟ್ಟರೆ, ಇದು ಸುಳ್ಳೆಂದು ಖಂಡಿತವಾಗಿ ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ನಾನು ಏನು ಮಾಡಿದೆ? ಇನ್ನು ಮೇಲೆ ಈ ಮೇಜಿನ ಹತ್ತಿರ ಕಾಲಿಡಬೇಡ ಎಂದೆ. ದನಿ ಇಳಿಸಲು ನನಗೊಂದು ದಾರಿ ಬೇಕಾಗಿತ್ತು. ಮಗಳು ತನ್ನ ಮೈಯನ್ನೇ ಮೆಟ್ಟಿಲು ಮಾಡಿಕೊಟ್ಟಳು, ನಾನು ತುಳಿದುಕೊಂಡು ಇಳಿದೆ.

ಬೀಗಿತ್ತಿಯ ದುಃಖ ಒಮ್ಮೆಲೇ ಸಿಟ್ಟಾಗಿ ನನ್ನ ಹೆಂಡತಿಯ ಕಡೆ ತಿರುಗಿತು. "ಇದೇನ್ರಿ, ಹಸಿ ಬಾಣಂತಿ ಕೈಲೆ ಕಸಾ ಹೊಡಸ್ತೀರೇನು? ಇದ ಏನ್ರಿ ನಿಮ್ಮ ಬಾಣಂತನ?" ಹೆಂಡತಿ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು, ಮಗುವನ್ನು ಭುಜಕ್ಕೆ ಹಾಕಿಕೊಂಡಳು. ತಿಂಗಳು ದಾಟಿದ ಅವಳ ನಿದ್ದೆಗೆಟ್ಟ ಸೇವೆ ಒಂದು ಮಾತಿನಲ್ಲಿ ಹೋಯಿತು.

ಸಂಜೆ ನಾನು ಬೀಗಿತ್ತಿಗೆ ಹಣ್ಣು, ಕುಪ್ಪಸದ ಬಟ್ಟೆ ಕೊಟ್ಟು ಕೈಮುಗಿದು ಕ್ಷಮೆ ಕೇಳಿದೆ. ಎಷ್ಟು ಚೆನ್ನಾಗಿ ಕೇಳಿದೆ ಅಂತೀರಿ. ನಿಮ್ಮನ್ನು ಅನ್ಯಾಯವಾಗಿ ಅಂದೆ ಅಕ್ಕಾರೆ, ನಮ್ಮ ಹುಡುಗಿ ಮಾಡಿದ ತಪ್ಪಿಗೆ ಎಂದೆ. ತಪ್ಪು ಮಗಳ ತಲೆಯ ಮೇಲೆ ಇದ್ದಾಗ ಅಪ್ಪನಿಗೆ ಕ್ಷಮೆ ಕೇಳುವುದು ಎಷ್ಟು ಸಲೀಸು. ಆಕೆ ಟಿಕೆಟ್ ಬದಲಾಯಿಸಲಿಲ್ಲ.

ಅಳಿಯ ತರಿಸಿದ ಹೊಸ ನೊಣವನ್ನು ನಾನು ಎಲ್ಲರ ಮುಂದೆ ಬಿಚ್ಚಿ, ನಡುವಿನ ಬಟ್ಟಲಲ್ಲಿ ಇಟ್ಟೆ. ಯಂತ್ರ ಬಿಚ್ಚದೆ ಹಾಗೆಯೇ ಕ್ಯಾಂಟನ್‌ಗೆ ತಂದೆ. ಬಂದೂಕು ಮುಗಿಯಿತು, ಗೋಡೆಯ ಮೇಲಿದೆ. ಒಳಗೆ ಇರುವುದು ಮೊದಲಿನ ನೊಣವೇ. ಹೊಸದು ಈಗಲೂ ಆ ಬಟ್ಟಲಲ್ಲೇ ಇದೆ.

ಆ ದಿನದ ಮಾತು ಕಾಲ ಕಳೆದ ಹಾಗೆ ಮನೆಯ ತಮಾಷೆಯಾಯಿತು. ವಿಡಿಯೋ ಕಾಲ್ ಬಂದಾಗೆಲ್ಲ ಬೀಗಿತ್ತಿ, "ಬಂದೂಕ ನುಂಗಿದಾಕಿ ಎಲ್ಲದಾಳ?" ಎಂದು ಸೊಸೆಯನ್ನು ಕೇಳುತ್ತಾರೆ. ಪ್ರೀತಿಯಿಂದಲೇ. ಯಾರದ್ದಾದರೂ ಕೀಲಿಕೈ ಕಳೆದರೆ, ಅವಳ ವ್ಯಾಕ್ಯೂಮಿನಲ್ಲಿ ನೋಡಿ ಎನ್ನುತ್ತಾರೆ. ವೆಸ್ಟ್‌ಮಂಟ್‌ನಲ್ಲಿರುವ ಅಳಿಯನ ಗೆಳೆಯರ ಮನೆಗೂ ಈ ಕಥೆ ಹೋಗಿದೆ. ಮಗಳು ಎಲ್ಲರ ಜೊತೆ ನಗುತ್ತಾಳೆ. ನನಗೆ ಪ್ರತಿ ಸಲ ಕೆಂಡ ಸುರಿದಂತಾಗುತ್ತದೆ. ಡಾಕ್ಟರೇಟು ಮಾಡಿದ ಹುಡುಗಿ, ಆನ್ ಆರ್ಬರ್‌ನಲ್ಲಿ ಓದಿದವಳು, ಒಂದು ಸಾಮಾನು ಸರಿಯಾಗಿ ಇಡಲು ಬಾರದವಳು ಎಂದು ಅವಳನ್ನು ನೋಡಿ ನಗುವ ಹಕ್ಕು ಇವರಿಗೆ ಯಾರು ಕೊಟ್ಟರು ಎಂದು ಸಿಡುಕುತ್ತೇನೆ. ಕೊಟ್ಟವನು ನಾನು.

ಕಳೆದ ದಸರಾದಲ್ಲಿ ನಾವೆಲ್ಲ ನೇಪರ್‌ವಿಲ್‌ನಲ್ಲಿದ್ದೆವು. ನನ್ನ ಕಿವಿಯ ಮಷಿನ್ನಿನ ಬ್ಯಾಟರಿ ಬದಲಿಸಬೇಕಿತ್ತು, ಗುಂಡಿಯಷ್ಟು ಚಿಕ್ಕದು. ಮಗಳಿಗೆ ಕೊಡಲು ಕೈ ಚಾಚಿದೆ. ಅವಳ ಮುಂದೆ ತಲೆ ಬಾಚಿಸಿಕೊಳ್ಳುತ್ತಾ ಕೂತಿದ್ದ ಮೊಮ್ಮಗಳು ನನ್ನ ಕೈಯನ್ನು ತಡೆದಳು. "ನೋ ಅಜ್ಜಾ, ಮಮ್ಮಿಗೆ ಕೊಡ್ಬೇಡ. ಶಿ ಲೂಸಸ್ ಲಿಟ್ಲ್ ಥಿಂಗ್ಸ್."

ಮಗಳು ಬಾಚುವುದನ್ನು ನಿಲ್ಲಿಸಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. "ಹೌದು ಪುಟ್ಟಿ, ಅಜ್ಜನಿಗೇ ಕೊಡೋಣ. ಅಜ್ಜ ಏನೂ ಕಳೆಯಲ್ಲ" ಅಂದಳು. ಆ ದನಿಯಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಅವಳಿಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಯಂತ್ರ ಬಿಚ್ಚಿ ನೋಡಿದವಳಲ್ಲ. ಗೊತ್ತಿಲ್ಲದಿದ್ದರೆ, ತಾನು ಅತ್ತೆಯನ್ನು ಉಳಿಸಲು ಸುಳ್ಳು ಹೇಳಿದೆ ಎಂಬಷ್ಟನ್ನೇ ಅವಳು ತಿಳಿದಿದ್ದಾಳೆ. ಆ ಸುಳ್ಳು ಬೇಕಾಗಿಯೇ ಇರಲಿಲ್ಲ, ಅಪ್ಪ ಒಂದು ಡ್ರಾಯರು ಎಳೆದಿದ್ದರೆ ಸಾಕಿತ್ತು ಎಂಬುದನ್ನು ತಿಳಿದಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೂ ಒಂದು ಹೇಡಿತನವೇ. ಚಿಕ್ಕವಳಿದ್ದಾಗ ಭಾನುವಾರದ ಕನ್ನಡ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದೆ, ಕಾಗುಣಿತ ದಾಟಲಿಲ್ಲ. ಅವಳು ಇದನ್ನು ಓದಲಾರಳು. ಆದರೆ ಹುಬ್ಬಳ್ಳಿಯಲ್ಲಿ ಬೀಗಿತ್ತಿ ಅಚ್ಚಾದ ಕನ್ನಡ ಯಾವುದನ್ನೂ ಬಿಡುವುದಿಲ್ಲ. ಹುಣಸೆ ಬೀಜ ಎಂದು ಕಂಡ ಕೂಡಲೇ ಫೋನು ಮಾಡುತ್ತಾರೆ. ಅವರ ಬಾಯಿಂದ ಅವಳಿಗೆ ಗೊತ್ತಾಗುವ ಮೊದಲು ನಾನೇ ಕಾರು ಹತ್ತಿ, ಗೋಡೆಯ ಮೇಲಿನ ಬಂದೂಕಿನ ಯಂತ್ರವನ್ನಷ್ಟೇ ಬಿಚ್ಚಿಕೊಂಡು ಹೋಗಿ, ಅವಳ ಮುಂದೆ ತೆಗೆದು ತೋರಿಸಬೇಕು. ಅದನ್ನೂ ಇಷ್ಟು ದಿನ ಮಾಡಲಿಲ್ಲ.

ಬೀಗಿತ್ತಿಗೆ ಕ್ಷಮೆ ಕೇಳಿದೆ. ಅಳಿಯನ ಮೇಲೆ ರೇಗಿದ್ದಕ್ಕೆ ಅವನನ್ನೂ ಕೇಳಿದೆ. ಹೆಂಡತಿಯನ್ನು ಬಾಯಿಬಿಟ್ಟು ಕೇಳದಿದ್ದರೂ ಅವಳು ಅದರ ದಂಡವನ್ನು ನನ್ನಿಂದ ವಸೂಲು ಮಾಡಿಕೊಂಡಿದ್ದಾಳೆ. ನಾನು ಕ್ಷಮೆ ಕೇಳದೆ ಉಳಿದವಳು ಒಬ್ಬಳು, ಹೊಲಿಗೆಯ ಹೊಟ್ಟೆ ಹಿಡಿದುಕೊಂಡು, ಇಲ್ಲದ ಚೂರನ್ನು ನನ್ನ ಬೆಳಕಿನಲ್ಲಿ ಹುಡುಕಿದವಳು. ನನ್ನ ಮಗಳು.